ಕುಂಬಳಕಾಯಿಯ ಮೈಮೇಲಿನ ಚುಕ್ಕಿ: ಯಾಯೋಯಿ ಕುಸಾಮಾ ಚಿತ್ರಗಳಲ್ಲಿ ದಿನಬಳಕೆಯ ವಸ್ತುಗಳು

ಈ ಮಾತನ್ನು ಒಂದು ಕುಂಬಳಕಾಯಿಯ ಚಿತ್ರದಿಂದ ಆರಂಭಿಸುತ್ತೇನೆ. ಉಪನ್ಯಾಸದ ದಿನ ಆ ಚಿತ್ರ ಪರದೆಯ ಮೇಲಿತ್ತು. ಬರಹದಲ್ಲಿ ಅದಿಲ್ಲದ ಕಾರಣ ತುಸು ವಿವರವಾಗಿಯೇ ಬಣ್ಣಿಸಬೇಕಾಗಿದೆ. ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರು 1980ರ ದಶಕದಿಂದೀಚೆಗೆ ಹಳದಿ ಕುಂಬಳಕಾಯಿಯನ್ನು ಎಷ್ಟೋ ಬಾರಿ ಬರೆದಿದ್ದಾರೆ. ಅವುಗಳಲ್ಲಿ ಯಾವುದನ್ನು ಎದುರಿಗಿಟ್ಟುಕೊಂಡರೂ ಮುಂದಿನ ವಿವರ ಹೆಚ್ಚುಕಡಿಮೆ ಹೊಂದುತ್ತದೆ.

ಚಿತ್ರದ ನಡುವೆ, ಸ್ವಲ್ಪ ಚಪ್ಪಟೆಯಾದ, ದಪ್ಪ ತೊಟ್ಟಿನ ಒಂದು ಕಾಯಿ ಕುಳಿತಿದೆ. ಅದರ ಮೈ ಮೇಲಿನಿಂದ ಕೆಳಕ್ಕೆ ಹೋಳುಹೋಳಾಗಿ ಉಬ್ಬಿದೆ. ಪ್ರತಿ ಹೋಳಿನ ಅತ್ಯಂತ ಉಬ್ಬಿದ ಭಾಗದಲ್ಲಿ ಕಪ್ಪು ಚುಕ್ಕಿಗಳ ಒಂದು ಸಾಲು ಇಳಿದಿದ್ದು, ಅವು ಇಡೀ ಚಿತ್ರದಲ್ಲೇ ದೊಡ್ಡವು. ಅವುಗಳ ಎಡಬಲಗಳಲ್ಲಿ ಅವಕ್ಕಿಂತ ಚಿಕ್ಕ ಚುಕ್ಕಿಗಳ ಸಾಲು, ಅದರಾಚೆಗೆ ಇನ್ನೂ ಚಿಕ್ಕವು. ಎರಡು ಹೋಳುಗಳು ಕೂಡುವ ಸಂದಿನ ಹತ್ತಿರ ಬರುವಷ್ಟರಲ್ಲಿ ಕುಂಚದ ತುದಿ ತಾಗಿದಷ್ಟು ಮಾತ್ರ ಕಪ್ಪು ಉಳಿದಿರುತ್ತದೆ. ಒಂದೇ ಸಾಲಿನಲ್ಲೂ ಅಳತೆ ಒಂದೇ ಇರುವುದಿಲ್ಲ: ತೊಟ್ಟಿನ ಬಳಿ ಸಣ್ಣದಾಗಿ ಹೊರಟ ಚುಕ್ಕಿ ಕಾಯಿಯ ಹೊಟ್ಟೆಗೆ ಬರುವಾಗ ಹಿಗ್ಗಿ, ಬುಡದ ಕಡೆಗೆ ಮತ್ತೆ ಕುಗ್ಗುತ್ತದೆ. ಕಾಯಿಯ ಹಳದಿ ಬಣ್ಣವಾದರೋ ಎಲ್ಲೆಡೆಯೂ ಒಂದೇ. ಬೆಳಕು ಬಿದ್ದ ಕಡೆ ತಿಳಿ, ನೆರಳಿನ ಕಡೆ ಕಂದು ಎಂಬ ಭೇದವಿಲ್ಲ. ಆದರೂ ಕಾಯಿ ದುಂಡಗೆ, ತೂಕವುಳ್ಳದ್ದಾಗಿ, ಮುಟ್ಟಿದರೆ ಕೈಗೆ ಸಿಗುವಂತೆ ಕಾಣುತ್ತದೆ. ಸಾಮಾನ್ಯವಾಗಿ ನೆರಳು-ಬೆಳಕು ಮಾಡುವ ಕೆಲಸವನ್ನು ಇಲ್ಲಿ ಚುಕ್ಕಿಯ ಅಳತೆಯೇ ಮಾಡುತ್ತಿದೆ.

ಈಗ ಕಾಯಿಯಿಂದ ಕಣ್ಣು ತೆಗೆದು ಹಿನ್ನೆಲೆಯನ್ನು ನೋಡಬೇಕು. ಅಲ್ಲಿ ಗೋಡೆಯಿಲ್ಲ, ಮೇಜಿಲ್ಲ, ಕಿಟಕಿಯಿಲ್ಲ. ಅಂಕುಡೊಂಕಾದ ಸಣ್ಣ ಕೋನಾಕೃತಿಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ತೆಳುವಾದ ಗೆರೆಗಳನ್ನು ಉಳಿಸಿ, ಚೌಕಟ್ಟಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹರಡಿರುವ ಬಲೆಯಿದೆ. ಈ ಬಲೆಯಲ್ಲಿ ಹತ್ತಿರ-ದೂರ ಎಂಬುದಿಲ್ಲ. ಕಾಯಿಯ ಹಿಂದೆ ಎಷ್ಟು ಜಾಗವಿದೆಯೆಂದು ಕೇಳಿದರೆ ಚಿತ್ರ ಉತ್ತರ ಕೊಡುವುದಿಲ್ಲ. ಹೀಗೆ ಒಂದೇ ಚಿತ್ರದಲ್ಲಿ ಎರಡು ಬಗೆಯ ಪುನರಾವರ್ತನೆಗಳಿದ್ದು, ಅವು ಒಂದಕ್ಕೊಂದು ವಿರುದ್ಧವಾದ ಕೆಲಸ ಮಾಡುತ್ತಿವೆ: ಚುಕ್ಕಿ ವಸ್ತುವನ್ನು ಕಟ್ಟುತ್ತದೆ, ಬಲೆ ಅದರ ಸುತ್ತಲಿನ ಸ್ಥಳವನ್ನು ಅಳಿಸುತ್ತದೆ.

ಇಂದು ನಾನು ಹೇಳಬೇಕೆಂದಿರುವುದು ಇಷ್ಟನ್ನೇ. ಕುಸಾಮಾ ಎಂದರೆ ಚುಕ್ಕಿ ಎಂದು ಲೋಕ ಒಪ್ಪಿಕೊಂಡುಬಿಟ್ಟಿದೆ. ಆ ಒಪ್ಪಿಗೆಯಲ್ಲಿ ಚುಕ್ಕಿ ಒಂದು ಅಲಂಕಾರ, ಕಲಾವಿದೆಯ ಮುದ್ರೆ, ಅಷ್ಟೇ ಆಗಿ ಉಳಿದಿದೆ. ಆದರೆ ಕುರ್ಚಿ, ದೋಣಿ, ಚಪ್ಪಲಿ, ಟೋಪಿ, ಕಾಫಿಯ ಕಪ್ಪು, ಕುಂಬಳಕಾಯಿ ಎಂಬ ಸಾಧಾರಣ ವಸ್ತುಗಳ ಮೇಲೆ ಈ ವಿನ್ಯಾಸ ಬಂದು ಕೂತಾಗಲೆಲ್ಲ ಅದು ಆ ವಸ್ತುವಿಗೆ ಏನೋ ಒಂದನ್ನು ಮಾಡುತ್ತದೆ. ಕೆಲವೊಮ್ಮೆ ಅದನ್ನು ಗಟ್ಟಿ ಮಾಡುತ್ತದೆ, ಕೆಲವೊಮ್ಮೆ ಕರಗಿಸುತ್ತದೆ, ಕೆಲವೊಮ್ಮೆ ಏನನ್ನೂ ಮಾಡದೆ ಸುಮ್ಮನೆ ಮೇಲೆ ಕೂತಿರುತ್ತದೆ. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸುವುದು ಅವರ ಕಲೆಯನ್ನು ನೋಡುವುದಕ್ಕೆ ಅಗತ್ಯವೆಂದು ನನಗೆ ಅನಿಸುತ್ತದೆ.

ಚುಕ್ಕಿ ಎಂದೊಡನೆ ನಮ್ಮ ಕೇಳುಗರಿಗೆ ಅಂಗಳದ ರಂಗೋಲಿ ನೆನಪಾಗುವುದು ಸಹಜ. ಆದರೆ ಈ ಹೋಲಿಕೆ ಬಹಳ ದೂರ ಬರುವುದಿಲ್ಲ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಇಡುವುದು ಎಳೆ ಎಳೆಯುವುದಕ್ಕೆ. ಎಷ್ಟು ಚುಕ್ಕಿ, ಎಷ್ಟು ಸಾಲು ಎಂಬುದು ಮೊದಲೇ ಗೊತ್ತಿರುತ್ತದೆ, ಎಳೆ ಕೂಡಿದಲ್ಲಿಗೆ ಕೆಲಸ ಮುಗಿಯುತ್ತದೆ. ಕುಸಾಮಾ ಅವರ ಚುಕ್ಕಿಗೆ ಇಂಥ ಲೆಕ್ಕವಿಲ್ಲ. ಕ್ಯಾನ್ವಾಸಿನ ಅಂಚು ಬಂದದ್ದರಿಂದ ಅದು ನಿಂತಿದೆಯೇ ಹೊರತು ಮುಗಿದದ್ದರಿಂದಲ್ಲ.

ಕುಸಾಮಾ ಅವರು ಹುಟ್ಟಿದ್ದು 1929ರಲ್ಲಿ, ನಾಗಾನೊ ಪ್ರಾಂತದ ಮಾತ್ಸುಮೊತೊ ಪಟ್ಟಣದಲ್ಲಿ. ಮನೆಯವರದು ಬೀಜ ಮತ್ತು ಸಸಿಗಳ ವ್ಯಾಪಾರ. ತಾತನ ಜೊತೆ ಬೀಜದ ಹೊಲಕ್ಕೆ ಹೋದಾಗ ಮೊದಲ ಬಾರಿಗೆ ಕುಂಬಳಕಾಯಿಯನ್ನು ಕಂಡದ್ದನ್ನು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ, ಅದು ತುಂಬ ಪ್ರಸಿದ್ಧ: ಮೇಜಿನ ಮೇಲೆ ಹಾಸಿದ್ದ ಬಟ್ಟೆಯ ಕೆಂಪು ಹೂವಿನ ಅಚ್ಚನ್ನು ನೋಡುತ್ತಿದ್ದ ಹುಡುಗಿ ತಲೆ ಎತ್ತಿದಾಗ ಅದೇ ಹೂಗಳು ಚಾವಣಿಯ ಮೇಲೆ, ಕಿಟಕಿಯ ಗಾಜಿನ ಮೇಲೆ, ಕಡೆಗೆ ತನ್ನ ಮೈಮೇಲೆಯೂ ಹರಡಿಕೊಂಡವಂತೆ. ಹತ್ತು ವರ್ಷದ ವಯಸ್ಸಿನಲ್ಲಿ, ಅಂದರೆ 1939ರಲ್ಲಿ, ಅವರು ಪೆನ್ಸಿಲಿನಲ್ಲಿ ಬರೆದ ಒಂದು ಚಿತ್ರ ಉಳಿದುಬಂದಿದೆ. ಕಿಮೊನೊ ಉಟ್ಟ ಒಬ್ಬ ಹೆಂಗಸು. ಅವಳ ಮುಖ, ಉಡುಪು, ಹಿಂದಿನ ಬಯಲು ಯಾವುದನ್ನೂ ಬಿಡದೆ ಚುಕ್ಕಿಗಳು ಹರಡಿವೆ.

ಈ ಪ್ರಸಂಗವನ್ನು ಹೇಳಿ, ಇದರಿಂದಲೇ ಎಲ್ಲವೂ ಹುಟ್ಟಿತು ಎಂದು ಮುಗಿಸುವುದು ವಾಡಿಕೆ. ಭ್ರಮೆ ಕಂಡದ್ದರಿಂದ ಚುಕ್ಕಿ ಬರೆದರು, ಚುಕ್ಕಿ ಬರೆದದ್ದರಿಂದ ಭ್ರಮೆಯನ್ನು ಗೆದ್ದರು ಎಂಬ ಈ ವಿವರಣೆಯನ್ನು ಕಲಾವಿದೆಯೂ ಅನೇಕ ಸಲ ಎತ್ತಿಹಿಡಿದಿರುವುದರಿಂದ ಅದನ್ನು ತಳ್ಳಿಹಾಕುವ ಅಧಿಕಾರ ನಮಗಿಲ್ಲ. ಆದರೆ ಭ್ರಮೆ ಎಷ್ಟೇ ನಿಜವಾದರೂ, ಹೋಳಿನ ಉಬ್ಬಿಗೆ ದೊಡ್ಡ ಚುಕ್ಕಿ, ಸಂದಿಗೆ ಚಿಕ್ಕ ಚುಕ್ಕಿ ಎಂಬ ತೀರ್ಮಾನವನ್ನು ಅದು ಕೊಡಲಾರದು. ಆ ತೀರ್ಮಾನ ಕಲಿತ ಕೈಯದು. ಆ ಕೈ ಎಲ್ಲಿ ಕಲಿಯಿತೆಂಬುದನ್ನು ನೋಡಬೇಕು.

1948ರಲ್ಲಿ ಕುಸಾಮಾ ಅವರು ಕ್ಯೋಟೊಗೆ ಹೋಗಿ ಅಲ್ಲಿನ ಕಲಾಶಾಲೆಯಲ್ಲಿ ನಿಹೊಂಗ ಕಲಿತರು. ನಿಹೊಂಗ ಎಂದರೆ ಪಾಶ್ಚಾತ್ಯ ತೈಲವರ್ಣಕ್ಕೆ ಎದುರಾಗಿ ಮೇಜಿ ಕಾಲದಲ್ಲಿ, ಅಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ರೂಪುಗೊಂಡ ಜಪಾನೀ ಚಿತ್ರಪದ್ಧತಿ. ಖನಿಜಗಳನ್ನು ಅರೆದ ಬಣ್ಣವನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಕಾಗದದ ಮೇಲೋ ರೇಷ್ಮೆಯ ಮೇಲೋ ಹಚ್ಚುತ್ತಾರೆ. ಕಾಗದವನ್ನು ನಿಲ್ಲಿಸದೆ ನೆಲದ ಮೇಲೆ ಹಾಸಿ, ಅದರ ಮೇಲೆ ಬಗ್ಗಿ ಕೆಲಸ ಮಾಡುವುದು ಇದರ ರೂಢಿ. ನೆರಳು-ಬೆಳಕಿನಿಂದ ಗಾತ್ರವನ್ನು ತೋರಿಸುವುದಕ್ಕಿಂತ ಗೆರೆ ಮತ್ತು ಸಮತಟ್ಟಾದ ಬಣ್ಣಕ್ಕೆ ಇಲ್ಲಿ ಹೆಚ್ಚಿನ ಬೆಲೆ. ಗುರುಶಿಷ್ಯ ಪರಂಪರೆಯ ಬಿಗಿ ಅವರಿಗೆ ಒಗ್ಗಲಿಲ್ಲ, ಬೇಗನೆ ಬಿಟ್ಟುಬಂದರು. ಆದರೂ ಆ ದಿನಗಳಲ್ಲಿ ಅವರು ಕುಂಬಳಕಾಯಿಯನ್ನು ಎದುರಿಗಿಟ್ಟುಕೊಂಡು, ಧ್ಯಾನಕ್ಕೆ ಕೂತಂತೆ ಕೂತು, ಅದರ ಮೈಯ ಒಂದೊಂದು ಗಂಟನ್ನೂ ಬರೆಯುತ್ತಿದ್ದರು. ಒಂದೇ ಕಾಯಿಯ ಮುಂದೆ ಒಂದು ತಿಂಗಳವರೆಗೆ ಕಳೆದದ್ದುಂಟು ಎಂದು ಅವರೇ ಹೇಳಿಕೊಂಡಿದ್ದಾರೆ. ಜಪಾನಿನ ಕುಂಬಳಕಾಯಿಗಳಲ್ಲಿ ಕೆಲವು ತಳಿಗಳ ಮೈ ನುಣುಪಲ್ಲ, ಗಂಟುಗಂಟಾಗಿರುತ್ತದೆ ಎಂಬುದನ್ನು ಇಲ್ಲಿ ನೆನೆಯಬೇಕು. ಮುಂದಿನ ದಶಕಗಳಲ್ಲಿ ಬಂದ ಚುಕ್ಕಿಗಳ ಸಾಲನ್ನು ನೋಡುವಾಗ, ಅದರ ಅಡಿಯಲ್ಲಿ ಹೀಗೆ ಗಂಟು ಗಂಟಾಗಿ ನೋಡಿ ಕಲಿತ ಒಂದು ಅಭ್ಯಾಸವಿದೆಯೆಂದು ನಾನು ತಿಳಿಯುತ್ತೇನೆ. ಛಾಯೆಯನ್ನು ಬಳಸದೆ ದುಂಡುತನವನ್ನು ತೋರಿಸುವ ಸಮಸ್ಯೆಯೂ ನಿಹೊಂಗದ್ದೇ. ಉತ್ತರ ಮಾತ್ರ ಅವರದು.

ಜಪಾನಿನ ವಸ್ತ್ರವಿನ್ಯಾಸದ ಪ್ರಸ್ತಾಪವೂ ಈ ಸಂದರ್ಭದಲ್ಲಿ ಬರುವುದುಂಟು. ಅಲೆಗಳ ಸೇಗೈಹ, ಸೆಣಬಿನ ಎಲೆಯ ಅಸನೊಹ, ಗಂಟು ಕಟ್ಟಿ ಬಣ್ಣ ಹಾಕಿದ ಕಾನೊಕೊ ಮುಂತಾಗಿ ಪುನರಾವರ್ತಿತ ವಿನ್ಯಾಸಗಳ ದೊಡ್ಡ ಭಂಡಾರವೇ ಆ ದೇಶದಲ್ಲಿದೆ. ಆದ್ದರಿಂದ ಕುಸಾಮಾ ಅವರ ಚುಕ್ಕಿಯೂ ಅಲ್ಲಿಂದಲೇ ಬಂದಿರಬೇಕೆಂಬ ಊಹೆ ಸುಲಭ. ನನಗೆ ಇದು ಅಷ್ಟು ಒಪ್ಪಿಗೆಯಾಗುವುದಿಲ್ಲ. ಕಿಮೊನೊವನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಅದರ ಮೇಲಿನ ವಿನ್ಯಾಸ ಬಟ್ಟೆಯದೇ ಹೊರತು ಅದನ್ನು ಉಟ್ಟ ದೇಹದ್ದಲ್ಲ. ಉಕಿಯೊ-ಎ ಎಂಬ ಮರದಚ್ಚಿನ ಮುದ್ರಣಗಳಲ್ಲಂತೂ ಎಷ್ಟೋ ಸಲ ಬಟ್ಟೆಯ ಮಡಿಕೆಯನ್ನು ಲೆಕ್ಕಿಸದೆ ವಿನ್ಯಾಸ ಸಪಾಟಾಗಿ ಹರಿಯುತ್ತದೆ. ಕುಂಬಳಕಾಯಿಯ ಚುಕ್ಕಿ ಇದಕ್ಕೆ ತದ್ವಿರುದ್ಧವಾಗಿ ಕಾಯಿಯ ಪ್ರತಿ ಏರಿಳಿತಕ್ಕೂ ಮಣಿಯುತ್ತದೆ. ಬಟ್ಟೆಯ ಸಪಾಟುತನದ ನೆನಪು ಎಲ್ಲಾದರೂ ಇದ್ದರೆ ಅದು ಹಿನ್ನೆಲೆಯ ಬಲೆಯಲ್ಲಿದೆ.

ಆ ಬಲೆಯ ಕಥೆಗಾಗಿ ನ್ಯೂಯಾರ್ಕಿಗೆ ಹೋಗಬೇಕು. 1957ರ ಕೊನೆಗೆ ಸಿಯಾಟಲ್‌ಗೆ ಬಂದಿಳಿದ ಕುಸಾಮಾ ಅವರು ಮರುವರ್ಷ ನ್ಯೂಯಾರ್ಕ್ ಸೇರಿದರು. 1959ರ ಅಕ್ಟೋಬರಿನಲ್ಲಿ ಬ್ರಾಟಾ ಗ್ಯಾಲರಿಯಲ್ಲಿ ಅವರ ಪ್ರದರ್ಶನ ನಡೆಯಿತು. ಗೋಡೆಗಳ ಮೇಲಿದ್ದದ್ದು ಬಿಳಿಯ ದೊಡ್ಡ ಕ್ಯಾನ್ವಾಸುಗಳು. ದೂರದಿಂದ ಖಾಲಿ ಎನ್ನಿಸುವಂಥವು. ಹತ್ತಿರ ಹೋದರೆ ಮಾತ್ರ ಅವುಗಳ ಕೆಲಸ ತಿಳಿಯುತ್ತಿತ್ತು. ಮೊದಲು ಕಪ್ಪೋ ಬೂದೋ ಬಣ್ಣದ ತಳ. ಅದರ ಮೇಲೆ ಬಿಳಿ ಬಣ್ಣದಲ್ಲಿ, ಮಣಿಕಟ್ಟನ್ನು ಒಮ್ಮೆ ತಿರುಗಿಸಿದರೆ ಮೂಡುವಷ್ಟು ಚಿಕ್ಕದಾದ, ಅರ್ಧಚಂದ್ರದಂತೆ ಬಾಗಿದ ಎಳೆ. ಅದರ ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ಎಳೆಗಳು ಒಂದನ್ನೊಂದು ಕಚ್ಚಿಕೊಂಡಾಗ ನಡುವೆ ತಳದ ಬಣ್ಣ ಸಣ್ಣ ಕಿಂಡಿಯಾಗಿ ಉಳಿಯುತ್ತದೆ. ಹೀಗೆ ಇಡೀ ಕ್ಯಾನ್ವಾಸನ್ನು ಮುಚ್ಚಿದ ಮೇಲೆ ಬಹಳ ತೆಳುವಾದ ಬಿಳಿಯನ್ನು ಮೇಲೆ ಹರಿಸಿ, ಕಿಂಡಿಯ ಕಪ್ಪನ್ನೂ ಮಂಕು ಮಾಡುತ್ತಿದ್ದರು. ಬಣ್ಣ ಕೆಲವೆಡೆ ದಪ್ಪ, ಕೆಲವೆಡೆ ತೆಳು. ಆದ್ದರಿಂದ ಬಲೆ ಎಲ್ಲಿಯೂ ಯಂತ್ರದಲ್ಲಿ ನೇಯ್ದಂತೆ ಕಾಣದೆ, ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲಗೊಂಡು, ನೋಡುವವರ ಕಣ್ಣನ್ನು ಎಲ್ಲೂ ನಿಲ್ಲಗೊಡದೆ ಸಾಗುತ್ತದೆ. ಚಿತ್ರಕ್ಕೆ ಕೇಂದ್ರವೆಂಬುದೇ ಇಲ್ಲ. ಈ ಪ್ರದರ್ಶನಕ್ಕೆ ವಿಮರ್ಶೆ ಬರೆದವರಲ್ಲಿ ಮುಂದೆ ಶಿಲ್ಪಿಯಾಗಿ ಹೆಸರಾದ ಡೊನಾಲ್ಡ್ ಜಡ್ ಒಬ್ಬರು. ಅವರು ಒಂದು ಚಿತ್ರವನ್ನು ಕೊಂಡುಕೊಂಡರು ಕೂಡ. 1961ರ ಹೊತ್ತಿಗೆ ಈ ಬಲೆ ಹತ್ತು ಮೀಟರಿಗೂ ಉದ್ದದ ಒಂದೇ ಕ್ಯಾನ್ವಾಸಿಗೆ ಹರಡಿತ್ತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಲೆ ಮತ್ತು ಚುಕ್ಕಿ ಬೇರೆಬೇರೆ ವಿನ್ಯಾಸಗಳಲ್ಲ. ಬಲೆಯ ಕಿಂಡಿಯೇ ಚುಕ್ಕಿ. ಚುಕ್ಕಿಗಳ ನಡುವೆ ಉಳಿದ ಜಾಗವೇ ಬಲೆ. ಒಂದನ್ನು ಬರೆದರೆ ಇನ್ನೊಂದು ತಾನಾಗಿ ಹುಟ್ಟುತ್ತದೆ. ಕುಂಬಳಕಾಯಿಯ ಚಿತ್ರದಲ್ಲಿ ಮೈಮೇಲೆ ಚುಕ್ಕಿ, ಹಿಂದೆ ಬಲೆ ಎಂದು ಹಂಚಿಕೊಂಡಿರುವುದು ಒಂದೇ ಸಾಮಗ್ರಿಯ ಎರಡು ಮುಖಗಳನ್ನು. ಆದ್ದರಿಂದಲೇ ವಸ್ತು ಮತ್ತು ಹಿನ್ನೆಲೆ ಇಷ್ಟು ವಿರುದ್ಧವಾಗಿ ವರ್ತಿಸಿದರೂ ಚಿತ್ರ ಹರಿದುಹೋಗುವುದಿಲ್ಲ.

1962ರಲ್ಲಿ ಈ ಬಲೆ ಕ್ಯಾನ್ವಾಸಿನಿಂದ ಇಳಿದು ಮನೆಯ ಸಾಮಾನುಗಳ ಮೇಲೆ ಹತ್ತಿತು. ಒಂದು ಹಳೆಯ ಆರಾಮಕುರ್ಚಿ. ಬಟ್ಟೆಯನ್ನು ಹೊಲಿದು, ಒಳಗೆ ತುರುಕಿ, ಶಿಶ್ನದ ಆಕಾರದ ಸಣ್ಣ ದಿಂಡುಗಳನ್ನು ಮಾಡಿ, ಆ ಕುರ್ಚಿಯ ಬೆನ್ನು, ತೋಳು, ಆಸನ, ಕಾಲು ಎಲ್ಲವನ್ನೂ ಅವುಗಳಿಂದ ಮುಚ್ಚಿ, ಮೇಲೆ ಬಿಳಿ ಬಳಿದರು. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ಈ ಕೃತಿಯ ಕೆಳ ಅಂಚಿನಲ್ಲಿ ಕುರ್ಚಿಯ ಹಳೆಯ ಕುಚ್ಚು ಹಾಗೆಯೇ ಉಳಿದಿದೆ. ಆ ಕುಚ್ಚಿನ ಮಟ್ಟಿಗೆ ಅದು ಇನ್ನೂ ಯಾರದೋ ಮನೆಯ ನಡುಕೋಣೆಯ ಕುರ್ಚಿ. ಉಳಿದಂತೆ ಅದರಲ್ಲಿ ಕೂರಲಾಗದು, ಅದರ ತೋಳಿನ ಮೇಲೆ ಕೈಯಿಡಲಾಗದು. ಕೋಣೆಯಲ್ಲಿ ಜಾಗ ಹಿಡಿದಿರುವುದು ಕುರ್ಚಿಯೇ, ಆದರೆ ಕುರ್ಚಿಯ ಉಪಯೋಗ ಹೋಗಿದೆ. ಕುಂಬಳಕಾಯಿಯಲ್ಲಿ ವಿನ್ಯಾಸ ವಸ್ತುವಿನ ಆಕಾರವನ್ನು ಎತ್ತಿ ತೋರಿಸಿದರೆ, ಇಲ್ಲಿ ಅದು ಆಕಾರವನ್ನು ಒಳಗಿಟ್ಟುಕೊಂಡು ನುಂಗಿಬಿಟ್ಟಿದೆ. ಲೈಂಗಿಕತೆಯ ಬಗ್ಗೆ ತಮಗಿದ್ದ ಭಯದಿಂದಲೇ ಇವನ್ನು ಮಾಡಿದ್ದೆಂದು ಕುಸಾಮಾ ಅವರು ಬರೆದಿದ್ದಾರೆ: ಹೆದರಿಕೆಯ ವಸ್ತುವನ್ನು ನೂರಾರು ಸಲ ತಮ್ಮ ಕೈಯಿಂದಲೇ ಹೊಲಿದು ಅದರ ನಡುವೆ ಕೂರುವುದು.

ಕುರ್ಚಿಯ ನಂತರ ಏಣಿ, ಹೈಹೀಲ್ಸ್ ಚಪ್ಪಲಿ, ಕೈಚೀಲ, ಉಡುಪು ಎಲ್ಲವೂ ಬಂದವು. ಕೆಲವಕ್ಕೆ ಬಟ್ಟೆಯ ದಿಂಡಿನ ಬದಲು ಒಣ ಮ್ಯಾಕರೋನಿಯನ್ನು ಅಂಟಿಸಿದರು. ಕಾರ್ಖಾನೆಯ ಸಾಗುಪಟ್ಟಿಯ ಮೇಲೆ ಕೊನೆಯಿಲ್ಲದೆ ಹರಿದುಬರುವ ಆಹಾರವನ್ನು ಬದುಕಿಡೀ ತಿನ್ನುತ್ತಿರಬೇಕೆಂಬ ಕಲ್ಪನೆಯೇ ಅವರಿಗೆ ಅಸಹ್ಯ ತರುತ್ತಿತ್ತಂತೆ. ಅದೇ 1962ರಲ್ಲಿ ಅಂಚೆಯ ಏರ್‌ಮೇಲ್ ಚೀಟಿಗಳನ್ನು ಒಂದರ ಪಕ್ಕ ಒಂದರಂತೆ ಕ್ಯಾನ್ವಾಸಿನ ತುಂಬ ಅಂಟಿಸಿದ ಒಂದು ಕೃತಿ ಇದೆ. ಅದು ಈಗ ಅದೇ ನಗರದ ವಿಟ್ನಿ ಸಂಗ್ರಹಾಲಯದಲ್ಲಿದೆ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಯಾಂತ್ರಿಕವಾಗಿ ಅಂಟಿಸುವ ಚೀಟಿಯನ್ನೇ ಅವರು ಎತ್ತಿಕೊಂಡಿದ್ದಾರೆ. ಆದರೆ ಸಾಲುಗಳು ನೇರವಾಗಿಲ್ಲ: ಒಂದು ಚೀಟಿ ಕೊಂಚ ಓರೆ, ಮುಂದಿನದು ಅದರ ಮೇಲೆ ಕೊಂಚ ಏರಿದೆ, ಹೀಗಾಗಿ ಇಡೀ ಕ್ಯಾನ್ವಾಸು ದೂರದಿಂದ ಮತ್ತೆ ಬಲೆಯಂತೆಯೇ ಅಲುಗುತ್ತದೆ.

1963ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಗರ್ಟ್ರೂಡ್ ಸ್ಟೈನ್ ಗ್ಯಾಲರಿಯಲ್ಲಿ ಪ್ರದರ್ಶಿಸಿದ ದೋಣಿ ಇವೆಲ್ಲಕ್ಕಿಂತ ಮುಂದೆ ಹೋಯಿತು. ಹುಟ್ಟು ಹಾಕುವ ಒಂದು ನಿಜವಾದ ದೋಣಿಯನ್ನು ಅದೇ ಬಿಳಿ ದಿಂಡುಗಳಿಂದ ತುಂಬಿ, ಅದರ ಛಾಯಾಚಿತ್ರವನ್ನು ಮುದ್ರಿಸಿ, 999 ಪ್ರತಿಗಳನ್ನು ಕೋಣೆಯ ಗೋಡೆ, ಚಾವಣಿಗಳಿಗೆ ಹಚ್ಚಿದರು. ನಿಜವಾದ ದೋಣಿ ಒಂದು ಸೇರಿ ಸಾವಿರ. ವಸ್ತುವಿನ ಮೇಲಿನ ವಿನ್ಯಾಸ ಸಾಲದೆ, ಇಡೀ ವಸ್ತುವೇ ಇನ್ನೊಂದು ದೊಡ್ಡ ವಿನ್ಯಾಸದ ಒಂದು ಘಟಕವಾಯಿತು. ಮೂರು ವರ್ಷಗಳ ನಂತರ ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್ಹೋಲ್ ಹಸುವಿನ ತಲೆಯ ಚಿತ್ರವನ್ನು ಗೋಡೆಕಾಗದವಾಗಿ ಮುದ್ರಿಸಿ ಗ್ಯಾಲರಿಗೆ ಹಚ್ಚಿದಾಗ, ಆ ಯೋಚನೆ ತಮ್ಮ ದೋಣಿಯ ಕೋಣೆಯಿಂದ ಬಂದದ್ದೆಂದು ಕುಸಾಮಾ ಅವರು ಹೇಳುತ್ತ ಬಂದಿದ್ದಾರೆ. ಯಾರು ಯಾರಿಂದ ಪಡೆದರು ಎಂಬ ವ್ಯಾಜ್ಯದಲ್ಲಿ ತೀರ್ಪು ಕೊಡುವುದಕ್ಕೆ ನನಗೆ ಆಸಕ್ತಿಯಿಲ್ಲ. ಆದರೆ ಇಬ್ಬರ ಪುನರಾವರ್ತನೆಗಳ ನಡುವಿನ ವ್ಯತ್ಯಾಸ ಹೇಳಲೇಬೇಕಾದದ್ದು. ವಾರ್ಹೋಲರ ಸೂಪಿನ ಡಬ್ಬಿಗಳ ಚಿತ್ರಗಳಲ್ಲಿ ಪುನರಾವರ್ತನೆ ಅಂಗಡಿಯ ಕಪಾಟಿನಿಂದ ಬಂದದ್ದು. ಎಲ್ಲ ಡಬ್ಬಿಗಳೂ ಒಂದೇ ಎಂಬುದೇ ಅಲ್ಲಿನ ಸಂಗತಿ. ಕುಸಾಮಾ ಅವರಲ್ಲಿ ಪುನರಾವರ್ತನೆ ಕೈಯಿಂದ ಬಂದದ್ದು. ಒಂದೂ ಇನ್ನೊಂದರಂತಿಲ್ಲ, ಆದರೂ ನಿಲ್ಲಿಸಲಾಗುತ್ತಿಲ್ಲ ಎಂಬುದು ಇಲ್ಲಿನ ಸಂಗತಿ. ದೋಣಿಯ ಮುದ್ರಿತ ಹಾಳೆಗಳು ಈ ನಿಯಮಕ್ಕೆ ಅಪವಾದ. 1965ರ ಕನ್ನಡಿಯ ಕೋಣೆಯೂ ಅಷ್ಟೆ: ಕೆಂಪು ಚುಕ್ಕಿಯ ದಿಂಡುಗಳನ್ನು ಹೊಲಿಹೊಲಿದು ದಣಿದ ಮೇಲೆ, ಇನ್ನು ಹೆಚ್ಚಿಸುವ ಕೆಲಸವನ್ನು ಸುತ್ತಲಿನ ಕನ್ನಡಿಗಳಿಗೆ ಒಪ್ಪಿಸಲಾಯಿತು.

ನಂತರದ ವರ್ಷಗಳ ಬೀದಿ ಪ್ರದರ್ಶನ, ಬೆತ್ತಲೆ ಮೈಗಳ ಮೇಲೆ ಚುಕ್ಕಿ ಬರೆದ ಗಲಾಟೆ, ಪತ್ರಿಕೆಗಳ ಅಬ್ಬರ ಇವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಮ್ಮ ವಿಷಯಕ್ಕೆ ಅವುಗಳಿಂದ ಹೆಚ್ಚೇನೂ ಸಿಗದು. 1973ರಲ್ಲಿ ಅವರು ಜಪಾನಿಗೆ ಮರಳಿದರು. 1977ರಿಂದ ಟೋಕಿಯೊದ ಒಂದು ಮನೋರೋಗ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ನೆಲೆಸಿ, ಹತ್ತಿರದಲ್ಲೇ ಇರುವ ತಮ್ಮ ಸ್ಟುಡಿಯೊಗೆ ಹೋಗಿಬಂದು ಕೆಲಸ ಮಾಡುವ ಪದ್ಧತಿ ಇಟ್ಟುಕೊಂಡರು. 1979ರಿಂದ ಸ್ಕ್ರೀನ್ ಪ್ರಿಂಟ್, ಲಿಥೊಗ್ರಾಫ್, ಎಚಿಂಗ್ ಎಂಬ ಬಗೆಬಗೆಯ ಮುದ್ರಣಚಿತ್ರಗಳನ್ನು ಮಾಡತೊಡಗಿದರು. ದಿನಬಳಕೆಯ ವಸ್ತುಗಳು ಚಿತ್ರದ ವಿಷಯವಾಗಿ ಒಟ್ಟಿಗೆ ಬಂದು ಸೇರಿದ್ದು ಈ ಮುದ್ರಣಗಳಲ್ಲಿ ಮತ್ತು ಅವುಗಳ ಜೊತೆಜೊತೆಗೆ ಬರೆದ ಅಕ್ರಿಲಿಕ್ ಚಿತ್ರಗಳಲ್ಲಿ: ಹ್ಯಾಟು, ಹೈಹೀಲ್ಸ್, ಕಾಫಿಯ ಕಪ್ಪು, ನಿಂಬೆಯ ಶರಬತ್ತಿನ ಲೋಟ, ಹಣ್ಣಿನ ಬುಟ್ಟಿ, ದ್ರಾಕ್ಷಿಯ ಗೊಂಚಲು, ಫ್ರಾಕು, ಹೂದಾನಿ, ಮತ್ತೆ ಕುಂಬಳಕಾಯಿ.

ಈ ಮುದ್ರಣಗಳನ್ನು ದೊಡ್ಡ ಕ್ಯಾನ್ವಾಸುಗಳಿಗಿಂತ ಕೆಳಮಟ್ಟದವೆಂದು ಕಾಣುವುದುಂಟು. ನನ್ನ ಮಟ್ಟಿಗೆ ಅವರ ಬುದ್ಧಿ ಅತ್ಯಂತ ಚುರುಕಾಗಿ ಕೆಲಸ ಮಾಡುವುದು ಇಲ್ಲಿಯೇ. ಯಾಕೆಂದರೆ ವಸ್ತು ಬದಲಾದಂತೆ ಅದೇ ಚುಕ್ಕಿಗೆ ಬೇರೆ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಹ್ಯಾಟಿಗೆ ಹೋಳುಗಳಿಲ್ಲ, ಆದ್ದರಿಂದ ಕುಂಬಳಕಾಯಿಯ ಸಾಲು ಇಲ್ಲಿ ನಡೆಯುವುದಿಲ್ಲ, ಚುಕ್ಕಿ ಅಂಚಿನ ಸುತ್ತ ಬಾಗಬೇಕು. ದ್ರಾಕ್ಷಿಯ ಗೊಂಚಲಿನಲ್ಲಂತೂ ಹಣ್ಣೇ ದುಂಡಗಿದೆ: ವಸ್ತುವಿನ ಮೇಲೆ ಚುಕ್ಕಿ ಇಡುವ ಬದಲು ಚುಕ್ಕಿಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಸಾಕು, ಗೊಂಚಲಾಗುತ್ತದೆ. ಇಲ್ಲಿ ವಸ್ತು ಯಾವುದು, ವಿನ್ಯಾಸ ಯಾವುದು ಎಂದು ಬಿಡಿಸಲಾಗುವುದಿಲ್ಲ. ಚಪ್ಪಲಿಯ ಕಥೆ ಬೇರೆ. ಅದರ ಹಿಮ್ಮಡಿ, ಕಮಾನು, ತುದಿ ಇವು ಗೆರೆಯಿಂದಲೇ ಗುರುತು ಸಿಗುವ ಆಕಾರ; ಒಳಗೆ ಏನು ತುಂಬಿದರೂ ಅದು ಚಪ್ಪಲಿಯೇ. ಹಾಗಾಗಿ ಚಪ್ಪಲಿಯ ಚಿತ್ರಗಳಲ್ಲಿ ವಿನ್ಯಾಸ ಹೆಚ್ಚು ಸ್ವತಂತ್ರ, ನನ್ನ ಕಣ್ಣಿಗೆ ಹೆಚ್ಚು ಸಡಿಲ ಕೂಡ. ಹಿನ್ನೆಲೆಗೆ ಮಾತ್ರ ಎಲ್ಲ ಕಡೆಯೂ ಆ ಬಲೆಯೇ ಬರುತ್ತದೆ. ಕಪ್ಪು ಯಾವ ಮೇಜಿನ ಮೇಲಿದೆ, ಹೊರಗೆ ಹಗಲೋ ರಾತ್ರಿಯೋ, ಕಾಫಿ ಯಾರಿಗಾಗಿ ಎಂಬ ಯಾವ ಸುಳಿವೂ ಇಲ್ಲ. ಯುರೋಪಿನ ಸ್ಥಿರವಸ್ತು ಚಿತ್ರಗಳಲ್ಲಿ (ಸ್ಟಿಲ್ ಲೈಫ್) ಕಪ್ಪು, ಹಣ್ಣು, ಹೂದಾನಿಗಳ ಹಿಂದೆ ಒಂದು ಮನೆ ಇರುತ್ತದೆ, ಆ ಮನೆಯ ಅಂತಸ್ತು ಇರುತ್ತದೆ, ಕಿಟಕಿಯ ಬೆಳಕು ಇರುತ್ತದೆ. ಕುಸಾಮಾ ಅವರ ಕಪ್ಪಿಗೆ ಮನೆಯಿಲ್ಲ.

1991ರಲ್ಲಿ ಮಾಡಿದ, ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನವಾದ ವೆನಿಸ್ ಬಿಯೆನ್ನಾಲೆಯ 1993ರ ಜಪಾನ್ ಮಂಟಪದಲ್ಲಿ ಪ್ರದರ್ಶಿತವಾದ ಕನ್ನಡಿ ಕೋಣೆಯಲ್ಲಿ ಕುಂಬಳಕಾಯಿ ಚಿತ್ರದಿಂದ ಹೊರಗೆ ಬಂದಿತು. ಹಳದಿ ಗೋಡೆಗಳ ತುಂಬ ಕಪ್ಪು ಚುಕ್ಕಿ. ನಡುವೆ ಕನ್ನಡಿ ಹೊದಿಸಿದ ಒಂದು ಪೆಟ್ಟಿಗೆ. ಪೆಟ್ಟಿಗೆಯ ಕಿಂಡಿಯಲ್ಲಿ ಇಣುಕಿದರೆ ಒಳಗೆ ಕೊನೆಯಿಲ್ಲದ ಕುಂಬಳಕಾಯಿಯ ಹೊಲ. 1994ರಲ್ಲಿ, ಜಪಾನಿನ ಸೆತೊ ಒಳಸಮುದ್ರದ ನಾವೊಶಿಮಾ ದ್ವೀಪದಲ್ಲಿ, ಬಳಕೆಯಲ್ಲಿಲ್ಲದ ಒಂದು ದೋಣಿಕಟ್ಟೆಯ ತುದಿಯ ಮೇಲೆ ಸುಮಾರು ಎರಡು ಮೀಟರ್ ಎತ್ತರದ ಹಳದಿ ಕುಂಬಳಕಾಯಿಯ ಶಿಲ್ಪವನ್ನು ಇಟ್ಟರು. ಚಿತ್ರದಲ್ಲಿದ್ದ ಚುಕ್ಕಿಯ ಸಾಲುಗಳೇ ಇಲ್ಲಿಯೂ ಇವೆ, ಉಬ್ಬಿಗೆ ದೊಡ್ಡದು, ಸಂದಿಗೆ ಚಿಕ್ಕದು. ಆದರೆ ಪರಿಣಾಮ ಒಂದೇ ಅಲ್ಲ. ಚಿತ್ರದಲ್ಲಿ ಚುಕ್ಕಿ ಇಲ್ಲದ ದುಂಡುತನವನ್ನು ಸೃಷ್ಟಿಸುತ್ತಿತ್ತು. ಶಿಲ್ಪಕ್ಕೆ ದುಂಡುತನ ಆಗಲೇ ಇದೆ, ಚುಕ್ಕಿ ಅದನ್ನೇ ಇನ್ನೊಮ್ಮೆ ಹೇಳುತ್ತದೆ. ಹಿಂದಿನ ಬಲೆಯೂ ಇಲ್ಲ, ಸಮುದ್ರವಿದೆ. 2021ರ ಆಗಸ್ಟಿನಲ್ಲಿ ಚಂಡಮಾರುತದ ಅಲೆಗಳು ಈ ಕಾಯಿಯನ್ನು ಕಟ್ಟೆಯಿಂದ ಕಿತ್ತು ನೀರಿಗೆ ಎಳೆದುಕೊಂಡವು. 2022ರ ಅಕ್ಟೋಬರಿನಲ್ಲಿ ಹೊಸದನ್ನು ಅದೇ ಜಾಗದಲ್ಲಿ ನಿಲ್ಲಿಸಲಾಯಿತು. ಅದೇ ದ್ವೀಪದ ಮಿಯಾನೊಉರಾ ಬಂದರಿನ ಬಳಿ 2006ರಲ್ಲಿ ಇಟ್ಟ ಕೆಂಪು ಕುಂಬಳಕಾಯಿ ನನಗೆ ಹೆಚ್ಚು ಕುತೂಹಲಕರ. ಅದರ ಚುಕ್ಕಿಗಳಲ್ಲಿ ಕೆಲವನ್ನು ಬಣ್ಣದಿಂದ ಬರೆಯದೆ ರಂಧ್ರವಾಗಿ ಕೊರೆದುಬಿಟ್ಟಿದ್ದಾರೆ. ಒಳಗೆ ಹೊಕ್ಕು ಆ ರಂಧ್ರಗಳಿಂದ ಹೊರಗೆ ನೋಡಬಹುದು. 1959ರ ಕ್ಯಾನ್ವಾಸಿನಲ್ಲಿ ಚುಕ್ಕಿ ಎಂದರೆ ಕಿಂಡಿಯೇ ಆಗಿತ್ತಲ್ಲ, ಆ ಮೂಲದ ಅರ್ಥಕ್ಕೆ ಇದು ಹಿಂತಿರುಗಿದೆ.

ಕರಗಿಸುವ ಕೆಲಸವೂ ನಿಂತಿಲ್ಲ. 2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ, ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ, ಮಕ್ಕಳಿಗಾಗಿ ಒಂದು ಕೋಣೆಯನ್ನು ರೂಪಿಸಿದರು. ಸೋಫಾ, ಊಟದ ಮೇಜು, ಕುರ್ಚಿ, ತಟ್ಟೆ-ಲೋಟ, ಪಿಯಾನೊ ಎಲ್ಲ ಇರುವ ಒಂದು ಸಾಧಾರಣ ಮನೆ. ಗೋಡೆಯಿಂದ ಹಿಡಿದು ಎಲ್ಲವೂ ಅಚ್ಚ ಬಿಳಿ. ಬಂದ ಪ್ರತಿಯೊಬ್ಬರಿಗೂ ಬಣ್ಣದ ದುಂಡು ಸ್ಟಿಕ್ಕರುಗಳ ಹಾಳೆ ಕೊಟ್ಟು, ಎಲ್ಲಿ ಬೇಕಾದರೂ ಅಂಟಿಸಿ ಎನ್ನುತ್ತಾರೆ. ಮೊದಲ ದಿನಗಳಲ್ಲಿ ಸ್ಟಿಕ್ಕರುಗಳು ಮಕ್ಕಳ ಕೈ ಎಟುಕುವ ಎತ್ತರದಲ್ಲಿ, ವಸ್ತುಗಳ ಅಂಚಿನಲ್ಲಿ ಸೇರುತ್ತವೆ. ಬಿಳಿಯ ಮೇಲೆ ಬಿಳಿಯಾಗಿ ಕಾಣದಿದ್ದ ಕುರ್ಚಿ ಆಗ ಎದ್ದು ಕಾಣುತ್ತದೆ. ವಾರಗಳು ಉರುಳಿ ಸ್ಟಿಕ್ಕರಿನ ಮೇಲೆ ಸ್ಟಿಕ್ಕರು ಬಿದ್ದ ಮೇಲೆ ಕುರ್ಚಿ, ಗೋಡೆ, ನೆಲ ಒಂದೇ ಮೈಯಾಗಿ, ಅಂಚು ಮಾಯವಾಗುತ್ತದೆ. ಕಟ್ಟುವುದು ಮತ್ತು ಕರಗಿಸುವುದು ಎಂದು ನಾನು ಬೇರೆ ಮಾಡಿ ಹೇಳಿದ ಎರಡು ಕೆಲಸಗಳು ಈ ಕೋಣೆಯಲ್ಲಿ ಒಂದರ ಹಿಂದೆ ಒಂದಾಗಿ ನಡೆಯುತ್ತವೆ, ಅದೂ ಕಲಾವಿದೆಯ ಕೈ ಸೋಕದೆ. ಚುಕ್ಕಿಯ ಸಂಖ್ಯೆಯೊಂದೇ ಇದಕ್ಕೆ ಕಾರಣ.

ಇನ್ನು ಮೂರನೆಯ ಬಗೆ, ಸುಮ್ಮನೆ ಮೇಲೆ ಕೂತಿರುವ ಚುಕ್ಕಿ. 2012ರಲ್ಲಿ ಮತ್ತು ಮತ್ತೆ 2023ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಸಂಸ್ಥೆಯ ಕೈಚೀಲಗಳು ಕುಸಾಮಾ ಅವರ ಚುಕ್ಕಿಗಳನ್ನು ಹೊತ್ತು ಮಾರುಕಟ್ಟೆಗೆ ಬಂದವು. ಕಲಾವಿದೆ ವ್ಯಾಪಾರಕ್ಕೆ ಇಳಿದರೆಂಬ ಆಕ್ಷೇಪ ನನ್ನದಲ್ಲ. 1960ರ ದಶಕದಲ್ಲೇ ಅವರು ತಮ್ಮ ಉಡುಪುಗಳನ್ನು ಮಾರಿದವರು, 1966ರಲ್ಲಿ ವೆನಿಸ್ಸಿನ ಹುಲ್ಲಿನ ಮೇಲೆ 1,500 ಕನ್ನಡಿ ಚೆಂಡುಗಳನ್ನು ಹರಡಿ, ಒಂದೊಂದನ್ನೂ ಮಾರತೊಡಗಿ ಅಧಿಕಾರಿಗಳಿಂದ ತಡೆಸಿಕೊಂಡವರು. ನನ್ನ ಆಕ್ಷೇಪ ಚಿತ್ರಕಲೆಯ ದೃಷ್ಟಿಯದು. ಈ ಚೀಲಗಳ ಮೇಲಿನ ಚುಕ್ಕಿಗೆ ತಾನು ಕೂತಿರುವುದು ಚೀಲದ ಮೇಲೋ ಬೆಲ್ಟಿನ ಮೇಲೋ ಎಂಬುದು ಲೆಕ್ಕಕ್ಕಿಲ್ಲ. ಆದ್ದರಿಂದ ಅದು ಚೀಲವನ್ನು ಕಟ್ಟುವುದೂ ಇಲ್ಲ, ಕರಗಿಸುವುದೂ ಇಲ್ಲ. 1960ರ ದಶಕದಲ್ಲಿ ಮ್ಯಾಕರೋನಿ ಅಂಟಿಸಿದ ಕೈಚೀಲವನ್ನು ಇದರ ಪಕ್ಕದಲ್ಲಿಟ್ಟರೆ, ಅದನ್ನು ಯಾರೂ ಹೆಗಲಿಗೆ ಹಾಕಿಕೊಂಡು ಹೋಗಲಾರರು ಎಂಬುದೇ ಅದರ ಬಲವೆಂದು ತಿಳಿಯುತ್ತದೆ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ: ಇವನ್ನೆಲ್ಲ ಪುಸ್ತಕದಲ್ಲೋ ಫೋನಿನ ಪರದೆಯ ಮೇಲೋ ನೋಡಿದರೆ ಸಾಲದೇ? ಕುಂಬಳಕಾಯಿಯ ಮಟ್ಟಿಗೆ ಬಹುಪಾಲು ಸಾಕು. ಚುಕ್ಕಿಯ ಅಳತೆ ಹೇಗೆ ಹಿಗ್ಗಿ ಕುಗ್ಗುತ್ತದೆಂಬುದು ಸಣ್ಣ ಮುದ್ರಣದಲ್ಲೂ ಚೆನ್ನಾಗಿಯೇ ಕಾಣುತ್ತದೆ. ಸ್ಕ್ರೀನ್ ಪ್ರಿಂಟ್‌ಗಳಂತೂ ಹುಟ್ಟಿದ್ದೇ ಮುದ್ರಣವಾಗಿ. ಬಲೆಯ ಕ್ಯಾನ್ವಾಸುಗಳಿಗೆ ಮಾತ್ರ ಇದು ಸಲ್ಲದು. ಛಾಯಾಚಿತ್ರದಲ್ಲಿ ಅವು ಬೂದು ಕಾಗದದ ತುಂಡಿನಂತೆ ಕಾಣುತ್ತವೆ, ಬಣ್ಣದ ದಪ್ಪ ಎಲ್ಲಿ ಎದ್ದಿದೆ, ಎಲ್ಲಿ ತೆಳುವಾಗಿದೆ ಎಂಬುದು ಪೂರ್ತಿ ಕಳೆದುಹೋಗುತ್ತದೆ. ಹೋಗುವ ಅವಕಾಶ ಇದ್ದವರು ಟೋಕಿಯೊದ ಶಿಂಜುಕುವಿನಲ್ಲಿ 2017ರಲ್ಲಿ ತೆರೆದ ಕುಸಾಮಾ ಮ್ಯೂಸಿಯಂಗೆ ಮುಂಗಡವಾಗಿಯೇ ಟಿಕೆಟ್ ಕಾದಿರಿಸಬೇಕು, ನಿಗದಿಯಾದ ಹೊತ್ತಿಗೆ ಮಾತ್ರ ಒಳಗೆ ಬಿಡುತ್ತಾರೆ. ಹುಟ್ಟೂರು ಮಾತ್ಸುಮೊತೊದ ನಗರ ಕಲಾ ಸಂಗ್ರಹಾಲಯದಲ್ಲಿಯೂ ಅವರ ಕೃತಿಗಳ ಒಳ್ಳೆಯ ಸಂಗ್ರಹವಿದೆ. ಅಲ್ಲಿ ಹೊರಗೆ ತಂಪು ಪಾನೀಯ ಮಾರುವ ಯಂತ್ರಕ್ಕೂ ಕೆಂಪು-ಬಿಳಿ ಚುಕ್ಕಿ ಹಚ್ಚಿದ್ದಾರೆ; ಅದು ಮೇಲೆ ಹೇಳಿದ ಮೂರು ಬಗೆಗಳಲ್ಲಿ ಯಾವುದಕ್ಕೆ ಸೇರುತ್ತದೆಂಬುದನ್ನು ನಾಣ್ಯ ಹಾಕುವ ಮೊದಲು ನೋಡಿಕೊಳ್ಳಬಹುದು.